ಸೇಡಿನ ತಪಸ್ಸು ಕಾಲ

ನಮ್ಮಲ್ಲಿ ತಪಸ್ಸು ಕಾಲದಲ್ಲಿ ಮದುವೆ ಮಾಡುವುದಿಲ್ಲ. ಬೂದಿ ಬುಧವಾರದಿಂದ ಈಸ್ಟರ್ ತನಕ ಚರ್ಚಿನಲ್ಲಿ ಹೂವಿಲ್ಲ, ಸಡಗರವಿಲ್ಲ. ಆದರೆ ಹೆಣ್ಣು ಗಂಡಿನ ವಿಚಾರಣೆ ಹೆಚ್ಚಾಗಿ ನಡೆಯುವುದು ಆಗಲೇ. ಹಬ್ಬ ಮುಗಿದ ಕೂಡಲೇ ಮದುವೆ ಇಟ್ಟುಕೊಳ್ಳಬೇಕು ಎನ್ನುವವರು ಆ ವಾರಗಳಲ್ಲಿ ಸದ್ದಿಲ್ಲದೆ ಓಡಾಡಿ, ಹುಡುಗಿಯ ಮನೆಯವರ ಹಳೆಯ ನೆರೆಹೊರೆಯನ್ನು ಪತ್ತೆ ಹಚ್ಚಿ, ಕೇಳಬೇಕಾದ್ದನ್ನು ಕೇಳಿಕೊಂಡು ಹೋಗುತ್ತಾರೆ. ನನ್ನ ಮದುವೆ ಮುರಿದದ್ದು ಅಂಥದೊಂದು ವಿಚಾರಣೆಯಲ್ಲಿ. ಅದನ್ನು ಮುರಿದವಳ ಮಗಳ ಮದುವೆ ನನ್ನ ನಾಲಗೆಯ ತುದಿಗೆ ಬಂದು ನಿಂತದ್ದೂ ಅಂಥದೇ ಇನ್ನೊಂದು ವಿಚಾರಣೆಯಲ್ಲಿ.

ನಾನು ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಪ್ಪ ಕುಲುಮೆಯ ಕೆಲಸದಲ್ಲಿದ್ದರು. ನಮ್ಮ ಸಾಲಿನಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಒಂದೇ ನಲ್ಲಿಯ ಮುಂದೆ ಜಗಳವಾಡುತ್ತಿದ್ದವು. ಎದುರು ಮನೆಯಲ್ಲಿ ನನಗಿಂತ ದೊಡ್ಡವಳಾದ ಒಬ್ಬಾಕೆ ಇದ್ದಳು. ನಮ್ಮ ಚರ್ಚಿನವಳೇ. ನಾನು ಅವಳನ್ನು ಅಕ್ಕ ಎಂದು ಕರೆಯುತ್ತಿದ್ದೆ. ನನಗೆ ಸೀರೆಯ ನೆರಿಗೆ ಹಿಡಿಯಲು ಕಲಿಸಿದ್ದು ಅವಳು. ಅವಳ ಕೂಸು ಅರ್ಧ ದಿನ ನನ್ನ ಸೊಂಟದ ಮೇಲೇ ಇರುತ್ತಿತ್ತು. ಮದುವೆಯಾಗದ ತಂಗಿಯೊಬ್ಬಳು ಅವಳ ಜೊತೆಗಿದ್ದಳು. ನಾನೂ ಆ ತಂಗಿಯೂ ಚರ್ಚಿನ ಹಾಡಿನ ಗುಂಪಿನಲ್ಲಿ ಅಕ್ಕಪಕ್ಕ ನಿಲ್ಲುತ್ತಿದ್ದೆವು.

ಚಿಕ್ಕಮಗಳೂರಿನ ಕಡೆಯ ಒಬ್ಬ ಮೇಷ್ಟ್ರು ನನ್ನನ್ನು ನೋಡಿ ಒಪ್ಪಿಕೊಂಡು ಹೋಗಿದ್ದರು. ಹಬ್ಬ ಕಳೆದ ಮೇಲೆ ಮದುವೆ ಎಂದು ಮಾತಾಗಿತ್ತು. ಆ ವರ್ಷದ ಶುಭ ಶುಕ್ರವಾರ ನಾನು ನೀರೂ ಕುಡಿಯದೆ ಉಪವಾಸವಿದ್ದೆ. ಚರ್ಚಿನ ಬಯಲಿನಲ್ಲಿ ಶಿಲುಬೆ ಹಾದಿಯ ಪ್ರಾರ್ಥನಾ ಮೆರವಣಿಗೆ ನಡೆಯುತ್ತಿತ್ತು. ಏಪ್ರಿಲ್ ಬಿಸಿಲು, ಕಾದ ನೆಲ, ಕೈಯಲ್ಲಿ ಹಾಡಿನ ಪುಸ್ತಕ. ಹಾಡುತ್ತ ಹಾಡುತ್ತ ಕಣ್ಣು ಕತ್ತಲಾಯಿತು. ಎಚ್ಚರವಾದಾಗ ನಾನು ನೆಲದ ಮೇಲಿದ್ದೆ. ಸುತ್ತ ಇಡೀ ಚರ್ಚು ನಿಂತಿತ್ತು. ನನ್ನ ಮುಷ್ಟಿಯೊಳಗೆ ಅಕ್ಕ ತನ್ನ ಮನೆಯ ಬೀಗದ ಕೈ ಗೊಂಚಲನ್ನು ತುರುಕಿ, ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂದು ನಮ್ಮ ಜನ ನಂಬುತ್ತಾರೆ. ಯಾರೂ ಏನೂ ಕೇಳುವ ಮೊದಲೇ, ಏನೂ ಇಲ್ಲ, ಫಿಟ್ಸ್, ಜಾಗ ಬಿಡಿ ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು.

ಮರುದಿನವೇ ಗಂಡಿನ ಕಡೆಯವರು ವಿಚಾರಿಸಲು ಬಂದವರು ಎದುರು ಮನೆಗೆ ಹೋಗಿ ಕಾಫಿ ಕುಡಿದರು. ನಮ್ಮ ಮನೆಗೆ ಬರಲಿಲ್ಲ. ಅಪ್ಪ ನನ್ನನ್ನು ಕರಾವಳಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ತಲೆಗೆ ವೈರು ಹಚ್ಚುವ ಪರೀಕ್ಷೆ ಮಾಡಿಸಿದರು. ಏನೇನೂ ಇಲ್ಲ, ಹೊಟ್ಟೆ ಖಾಲಿ, ಬಿಸಿಲು, ಅಷ್ಟೇ ಎಂದರು ಡಾಕ್ಟರು. ಆದರೆ ಇಲ್ಲ ಎನ್ನುವ ಸುದ್ದಿಯನ್ನು ಮನೆಮನೆಗೆ ಹೊತ್ತುಕೊಂಡು ಹೋಗಿ ಹೇಳುವವರು ಯಾರು? ಮಳೆಗಾಲ ಮುಗಿಯುವುದರೊಳಗೆ ಅದೇ ಮೇಷ್ಟ್ರು ಅಕ್ಕನ ತಂಗಿಯನ್ನು ಮದುವೆಯಾದರು. ಅಕ್ಕ ನಮ್ಮ ಮನೆಗೂ ಬಂದು ಲಗ್ನಪತ್ರಿಕೆ ಕೊಟ್ಟಳು. ಅಮ್ಮ ಅದನ್ನು ಒಲೆಗೆ ಹಾಕಿದರು. ಅಮ್ಮನ ಸಿಟ್ಟು ಆ ಒಲೆಯಲ್ಲೇ ತಣ್ಣಗಾಯಿತು. ನನ್ನದು ಆಗಲಿಲ್ಲ.

ಆಮೇಲೆ ಬಂದ ಸಂಬಂಧಗಳಿಗಿಂತ ಮೊದಲೇ ಫಿಟ್ಸ್ ಎನ್ನುವ ಮಾತು ಅವರವರ ಊರು ತಲುಪಿರುತ್ತಿತ್ತು. ನಾನು ಮದುವೆಯ ಯೋಚನೆ ಬಿಟ್ಟು ಅದೇ ತಲೆಯ ಪರೀಕ್ಷೆಯ ಕೆಲಸ ಕಲಿತೆ. ಹಟವೋ ಏನೋ, ಈಗ ನನಗೇ ಗೊತ್ತಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಶಿವಮೊಗ್ಗಕ್ಕೆ ಬಂದು, ಆಲ್ಕೊಳದಲ್ಲಿ ಮನೆ ಮಾಡಿಕೊಂಡು, ನರರೋಗದ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದೆ. ಭದ್ರಾವತಿ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಆದರೂ ಆ ಚರ್ಚಿಗೆ ಮತ್ತೆ ಕಾಲಿಟ್ಟಿರಲಿಲ್ಲ. ಶಿವಮೊಗ್ಗದ ಚರ್ಚಿಗೆ ಹೋಗುತ್ತಿದ್ದೆ, ಪ್ರತಿ ಭಾನುವಾರ, ತಪ್ಪದೆ. ಜಪಸರ ಹಿಡಿದು ಕೂತಾಗಲೂ ಅವಳ ಮುಖ ಕಣ್ಣ ಮುಂದೆ ಬರುತ್ತಿತ್ತು. ಬರಲಿ ಎಂದು ನಾನೇ ಬಿಟ್ಟುಕೊಳ್ಳುತ್ತಿದ್ದೆ. ಆ ಸಿಟ್ಟು ನನಗೆ ಬೇಕಾಗಿತ್ತು. ನನ್ನದು ಅಂತ ಉಳಿದದ್ದು ಅದೊಂದೇ ಅನ್ನಿಸುತ್ತಿತ್ತು.

ಹೋದ ವರ್ಷ ದಸರಾ ರಜೆಯ ಹೊತ್ತಿಗೆ ಆ ಅಕ್ಕ ತನ್ನ ಮಗಳನ್ನು ಕರೆದುಕೊಂಡು ನಮ್ಮ ಕ್ಲಿನಿಕ್ಕಿಗೆ ಬಂದಳು. ಭದ್ರಾವತಿಯಲ್ಲಿ ತೋರಿಸಿದರೆ ಜನ ನೋಡುತ್ತಾರೆಂದು ಶಿವಮೊಗ್ಗಕ್ಕೆ ಬಂದಿದ್ದಿರಬೇಕು. ಬಾಗಿಲಲ್ಲಿ ನನ್ನನ್ನು ಕಂಡು ಅವಳ ಕಾಲು ನಿಂತಿತು. ವಾಪಸು ಹೋಗಿಯೇಬಿಡುತ್ತಿದ್ದಳೇನೋ. ಅಷ್ಟರಲ್ಲಿ ಡಾಕ್ಟರು ಒಳಗೆ ಕರೆದರು. ಸ್ವಲ್ಪ ಹೊತ್ತಿಗೆ ಹುಡುಗಿಯನ್ನು ನನ್ನ ಕೋಣೆಗೆ ಕಳಿಸಿದರು.

ನನ್ನ ಸೊಂಟದ ಮೇಲೆ ಬೆಳೆದ ಕೂಸು ಅದು. ಈಗ ಭದ್ರಾವತಿಯ ಒಂದು ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಕೂದಲು ಬೈತಲೆ ಬೈತಲೆಯಾಗಿ ಬಿಡಿಸಿ, ಚರ್ಮ ಒರೆಸಿ, ಪೇಸ್ಟು ಹಚ್ಚಿ, ಒಂದೊಂದೇ ವೈರು ಅಂಟಿಸಿದೆ. ಕಣ್ಣು ಮುಚ್ಚು, ತೆಗೆ, ಜೋರಾಗಿ ಉಸಿರಾಡು ಎಂದೆ. ಪರದೆಯ ಮೇಲೆ ಗೆರೆಗಳು ಓಡಿದವು. ಓಡುತ್ತ ಓಡುತ್ತ ಚೂಪಾಗಿ ಮೇಲೆದ್ದವು. ಇಷ್ಟು ವರ್ಷದ ಕೆಲಸದಲ್ಲಿ ಅಂಥ ಗೆರೆ ಎಷ್ಟೋ ಸಲ ನೋಡಿದ್ದೇನೆ. ಡಾಕ್ಟರು ಹೇಳುವ ಮೊದಲೇ ನನಗೆ ತಿಳಿಯಿತು. ಹುಡುಗಿಗೆ ಫಿಟ್ಸ್ ಇತ್ತು. ನನಗೆ ಇಲ್ಲದ್ದು ಅಕ್ಕನ ಮಗಳಿಗೆ ಇತ್ತು.

ಆ ಕ್ಷಣ ನನ್ನೊಳಗೆ ಆದದ್ದನ್ನು ಮುಚ್ಚಿಡುವುದಿಲ್ಲ. ಸಂತೋಷವಾಯಿತು. ದೇವರೇ, ಕೊನೆಗೂ ನನ್ನ ಕಡೆ ನೋಡಿದೆಯಲ್ಲ, ನಿನಗೆ ಸ್ತೋತ್ರ ಎಂದು ಮನಸ್ಸಿನಲ್ಲೇ ಹೇಳಿದೆ. ಸಂಜೆ ಮನೆಗೆ ಹೋಗುವಾಗ ಸರ್ಕಲ್ಲಿನ ಬೇಕರಿಯಲ್ಲಿ ಮೈಸೂರು ಪಾಕು ಕಟ್ಟಿಸಿಕೊಂಡು ಹೋಗಿ, ಒಬ್ಬಳೇ ಕೂತು ತಿಂದೆ.

ಈ ಸಲ ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ, ಪೂಜೆ ಮುಗಿಸಿ ಮನೆಗೆ ಬಂದು ತೆಂಗಿನ ಗರಿಯನ್ನು ದೇವರ ಪಟಕ್ಕೆ ಸಿಕ್ಕಿಸುತ್ತಿದ್ದೆ. ಹಾಸನದಿಂದ ಬಂದ ಒಬ್ಬ ಹೆಂಗಸು ಬಾಗಿಲಿಗೆ ಬಂದರು. ಹತ್ತಿಯ ಸೀರೆ, ಕುತ್ತಿಗೆಯಲ್ಲಿ ಸಣ್ಣ ಶಿಲುಬೆ, ಮೆಲು ಮಾತು. ಮಗನಿಗೆ ಭದ್ರಾವತಿಯ ಟೀಚರ್ ಹುಡುಗಿಯನ್ನು ನೋಡಿದ್ದಾರಂತೆ. ಹುಡುಗ ಒಪ್ಪಿದ್ದಾನಂತೆ. ನಾನು ಹಿಂದೆ ಆ ಮನೆಯ ಎದುರಿಗೇ ಇದ್ದವಳೆಂದು ಯಾರೋ ಹೇಳಿದರಂತೆ. ಕಾಫಿ ಕೊಟ್ಟೆ. ಮನೆತನ, ನಡತೆ, ಅಡುಗೆ ಎಲ್ಲ ಕೇಳಿ, ಕೊನೆಗೆ ಲೋಟ ಕೆಳಗಿಟ್ಟು ಕೇಳಿದರು.

"ಆರೋಗ್ಯ ಎಲ್ಲಾ ಚೆನ್ನಾಗಿದೆ ತಾನೆ ಮೇಡಂ? ಹುಡುಗಿಗೆ?"

ಎದುರು ಮನೆಯ ಜಗಲಿಯಲ್ಲಿ ಅಂದು ಕಾಫಿ ಕುಡಿದವರೂ ಇದನ್ನೇ ಕೇಳಿದ್ದಿರಬೇಕು. ಅಂದು ಅಕ್ಕ ಹೇಳಿದ್ದು ಸುಳ್ಳು. ನಾನು ಹೇಳಬೇಕಾದದ್ದು ನಿಜ. ಇಂಥ ಸೇಡು ಎಷ್ಟು ಜನಕ್ಕೆ ಸಿಗುತ್ತದೆ? ಆದರೆ ನನಗೆ ಅವಸರವಿರಲಿಲ್ಲ. ಒಂದೇ ಗುಟುಕಿಗೆ ಕುಡಿದು ಮುಗಿಸುವುದು ಬೇಡವಾಗಿತ್ತು. ಯೋಚನೆ ಮಾಡಿ ಫೋನ್ ಮಾಡುತ್ತೇನೆ ಎಂದೆ. ಆರೋಗ್ಯದ ಮಾತಿಗೆ ಯೋಚನೆ ಯಾಕೆ ಎಂದು ಅವರ ಮುಖ ಬಾಡಿತು. ಬಾಡಲಿ ಎಂದೇ ಹಾಗೆ ಹೇಳಿದ್ದೆ.

ಸೋಮವಾರ, ಮಂಗಳವಾರ ಕೆಲಸದ ನಡುವೆ, ಹುಡುಗಿಗೆ ಫಿಟ್ಸ್ ಇದೆ ಎಂಬ ವಾಕ್ಯವನ್ನು ಬಗೆಬಗೆಯಾಗಿ ಹೇಳಿಕೊಂಡೆ. ಮರುಕದ ದನಿಯಲ್ಲಿ ಹೇಳಲೇ, ಸುಮ್ಮನೆ ಬಾಯಿ ಜಾರಿದಂತೆ ಹೇಳಲೇ? ಕ್ಲಿನಿಕ್ಕಿನಲ್ಲಿ ಕಂಡದ್ದನ್ನು ಹೊರಗೆ ಹೇಳಬಾರದು ಎಂಬ ನಿಯಮ ನನಗೆ ಗೊತ್ತಿತ್ತು. ಅದು ನನ್ನನ್ನು ತಡೆಯಲಿಲ್ಲ. ತಡೆದದ್ದು ಬೇರೆ ಆಸೆ. ಹೇಳುವ ಮೊದಲು ಅಕ್ಕ ಹೆದರುವುದನ್ನು ಕಣ್ಣಾರೆ ನೋಡಬೇಕಿತ್ತು. ಬುಧವಾರ ಕೆಲಸದಿಂದ ಬೇಗ ಹೊರಟು ಭದ್ರಾವತಿ ಬಸ್ಸು ಹತ್ತಿದೆ.

ಅವರು ಈಗ ಸ್ವಂತ ಮನೆ ಕಟ್ಟಿಕೊಂಡಿದ್ದರು. ಬಾಗಿಲು ತೆಗೆದದ್ದು ಹುಡುಗಿ. ಅಮ್ಮ ಚರ್ಚು ತೊಳೆಯಲು ಹೋಗಿದ್ದಾರೆ, ಈಗ ಬರುತ್ತಾರೆ, ಕೂತುಕೊಳ್ಳಿ ಆಂಟಿ ಎಂದಳು. ನೀರು ತಂದುಕೊಟ್ಟು ಎದುರಿಗೆ ಕೂತಳು. ಹಾಸನದವರು ನನ್ನ ಮನೆಗೆ ಬಂದದ್ದು ಅವಳಿಗೆ ಗೊತ್ತಿತ್ತು. ಅಮ್ಮ ಮೂರು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ ಎಂದಳು. ಒಳಗೊಳಗೇ ನನಗೆ ಹಾಯೆನಿಸಿತು. ಆಮೇಲೆ ಅವಳು ನಾನು ಎಣಿಸದ ಮಾತು ಆಡಿದಳು.

"ನೀವೇ ಹೇಳ್ಬಿಡಿ ಆಂಟಿ. ಅವ್ರಿಗೆ ಗೊತ್ತಾಗ್ಲಿ. ಅಮ್ಮ ಹೇಳೋಕೆ ಬಿಡಲ್ಲ, ನನಗೆ ಧೈರ್ಯ ಬರ್ತಿಲ್ಲ. ಮದುವೆ ಆದ್ಮೇಲೆ ದಿನಾ ಮಾತ್ರೆ ಎಲ್ಲಿ ಬಚ್ಚಿಟ್ಕೊಳ್ಲಿ?"

ಸೇಡನ್ನು ತಟ್ಟೆಯಲ್ಲಿಟ್ಟು ಕೊಟ್ಟಂತಾಯಿತು. ಇನ್ನು ನಿಯಮದ ತೊಡಕೂ ಇಲ್ಲ, ಪಾಪದ ಭಯವೂ ಇಲ್ಲ. ಹುಡುಗಿಯೇ ಕೇಳಿಕೊಂಡಳು, ಹೇಳಿದೆ ಎನ್ನಬಹುದಿತ್ತು. ಆಗಲಿ ಎನ್ನಲು ಬಾಯಿ ತೆರೆದೆ. ಅವಳು ತನ್ನ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಫಿಟ್ಸ್ ಎಂಬ ಹೆಸರು ಬಿದ್ದ ಮೇಲೆ ಅವಳು ಹೋಗಬೇಕಾದ ಒಂದೊಂದು ಜಾಗವೂ ನನಗೆ ಗೊತ್ತಿತ್ತು. ಶಾಲೆಯ ಸ್ಟಾಫ್ ರೂಮು, ಮದುವೆ ಮನೆಗಳು, ಚರ್ಚಿನ ಹಿಂದಿನ ಬೆಂಚು. ಆ ದಾರಿಯನ್ನು ನಾನು ನಡೆದು ಬಂದಿದ್ದೆ.

"ನಾನು ಹೇಳಿದ್ರೆ ಅದು ಚಾಡಿ ಆಗುತ್ತೆ," ಎಂದೆ. "ನೀನು ಹೇಳಿದ್ರೆ ಅದು ಬರೀ ಕಾಯಿಲೆ. ಆ ಹುಡುಗನಿಗೆ ನೀನೇ ಹೇಳು."

ಹೇಳಿದ ಮೇಲೆ ನನ್ನ ಮೇಲೇ ಸಿಟ್ಟು ಬಂತು. ಆದರೂ ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಮಾತ್ರೆ ತಪ್ಪಿಸದವರು ಹೇಗೆ ಎಲ್ಲರಂತೆ ಇರುತ್ತಾರೆ, ಮಕ್ಕಳ ವಿಷಯದಲ್ಲಿ ಡಾಕ್ಟರನ್ನು ಮೊದಲೇ ಏಕೆ ಕೇಳಬೇಕು, ಎಲ್ಲವನ್ನೂ. ಹೇಗೆ ಶುರು ಮಾಡಲಿ ಎಂದು ಕೇಳಿದಳು. ಪರೀಕ್ಷೆ ಮಾಡಿಸಿಕೊಂಡ ದಿನದಿಂದ ಶುರು ಮಾಡು ಎಂದೆ.

ಅಷ್ಟರಲ್ಲಿ ಅಕ್ಕ ಬಂದಳು. ಸೀರೆಯ ಅಂಚು ಒದ್ದೆಯಾಗಿತ್ತು. ನನ್ನನ್ನು ನೋಡಿ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಲು ಹೋಗಿ ಬೀಳಿಸಿದಳು. ನಾನು ಬಯಸಿ ಬಂದ ಹೆದರಿಕೆ ಅವಳ ಮುಖದಲ್ಲಿ ಪೂರ್ತಿ ಇತ್ತು. ಮಗಳನ್ನು ಒಳಗೆ ಕಳಿಸಿ, ಏನು ಬೇಕು ನಿನಗೆ ಎಂದು ಕೇಳಿದಳು.

"ಅವತ್ತು ನನ್ನ ಕೈಗೆ ಬೀಗದ ಕೈ ಯಾಕೆ ಕೊಟ್ಟೆ ಅಕ್ಕ?"

"ಜೀವ ಉಳಿಸೋಕೆ ಕೊಟ್ಟೆ ಮಾರಾಯ್ತಿ. ಮತ್ತೇನು ಮಾಡ್ಬೇಕಿತ್ತು?"

"ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ನಿನಗೆ ಹೇಳಿದ್ರಲ್ಲ, ಏನೂ ಇಲ್ಲ ಅಂತ."

"ನಮ್ಮ ತಂಗಿಗೂ ವಯಸ್ಸಾಗ್ತಿತ್ತು," ಎಂದಳು. ಅಷ್ಟೇ. ತಪ್ಪಾಯಿತು ಎನ್ನಲಿಲ್ಲ. ಅವಳ ಕಣ್ಣು ಮಗಳ ಕೋಣೆಯ ಪರದೆಯ ಮೇಲೇ ಇತ್ತು. ನಾನು ಎದ್ದು ಬಂದೆ. ಬಸ್ಸು ಹತ್ತಿ ಕೂತೆ. ಹುಡುಗಿಗೆ ಕೊಟ್ಟ ಬುದ್ಧಿಮಾತೆಲ್ಲ ಮರೆತುಹೋಗಿ, ಆ ಕ್ಷಣವೇ ಹಾಸನಕ್ಕೆ ಫೋನ್ ಮಾಡಬೇಕೆನಿಸಿತು. ಹೆಸರು ತೆಗೆದು ಬೆರಳಿಟ್ಟೆ. ಬಸ್ಸಿನ ಗದ್ದಲದಲ್ಲಿ ಕೇಳಿಸುವುದಿಲ್ಲ, ಮನೆಗೆ ಹೋಗಿ ಮಾಡೋಣ ಎಂದುಕೊಂಡೆ. ಗದ್ದಲ ಇಲ್ಲದಿದ್ದರೆ ಏನಾಗುತ್ತಿತ್ತೋ ಹೇಳಲಾರೆ. ಮನೆಗೆ ಹೋದವಳು ಫೋನನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿದೆ.

ಗುರುವಾರ ಬೆಳಗ್ಗೆ ಪಾಪ ನಿವೇದನೆಗೆ ಹೋದೆ. ನಮ್ಮ ಫಾದರ್ ವಯಸ್ಸಾದವರು, ಮಾತು ಕಡಿಮೆ. ಎಲ್ಲವನ್ನೂ ಹೇಳಿದೆ. ಕ್ಷಮಿಸಲು ನನ್ನಿಂದ ಆಗುವುದಿಲ್ಲ, ಆಗುತ್ತದೆ ಎಂದು ನಿಮ್ಮ ಮುಂದೆ ಸುಳ್ಳು ಹೇಳಲಾರೆ ಎಂದೆ. ಅವರು ಕ್ಷಮಿಸು ಎನ್ನುತ್ತಾರೆಂದು ಕಾದು ಕೂತಿದ್ದೆ. ಹಾಗೆಂದರೆ ಎದ್ದು ಹೋಗುವ ತಯಾರಿಯಲ್ಲಿದ್ದೆ. ಅವರು ಹೇಳಿದ್ದು ಬೇರೆ.

"ಆ ಹುಡುಗಿ ಕಾಯಿಲೆಗೆ ದೇವರಿಗೆ ಸ್ತೋತ್ರ ಹೇಳಿದೆ ಅಂದೆಯಲ್ಲ. ಮೊದಲು ಅದನ್ನ ವಾಪಸ್ ತಗೋ. ಉಳಿದದ್ದು ಆಮೇಲೆ ನೋಡೋಣ."

ವಾಪಸು ತೆಗೆದುಕೊಳ್ಳುವುದೆಂದರೆ ಹೇಗೆ? ಶುಕ್ರವಾರ ಮಧ್ಯಾಹ್ನ ಶಿಲುಬೆಗೆ ಮುತ್ತಿಡಲು ಸಾಲಿನಲ್ಲಿ ನಿಂತಾಗಲೂ ಅದೇ ಯೋಚನೆ. ನನ್ನ ಪರವಾಗಿ ಒಂದು ಹೆಣ್ಣುಮಗಳ ತಲೆಯೊಳಗೆ ರೋಗ ಹುಟ್ಟಿಸುವ ದೇವರನ್ನು ನಾನು ಇಷ್ಟು ದಿನ ಪೂಜಿಸಿದ್ದೆ. ಮುಂದೆ ಮಲಗಿಸಿದ್ದ ಶಿಲುಬೆಯ ಮೇಲಿನ ಆ ಮೂರ್ತಿ ಯಾರಿಗೂ ಏನನ್ನೂ ತಿರುಗಿಸಿ ಕೊಟ್ಟಿರಲಿಲ್ಲ. ಅದೇ ನನಗೆ ಅವನ ಮೇಲಿದ್ದ ತಕರಾರು. ಹೊಡೆದವರನ್ನು ಸುಮ್ಮನೆ ಬಿಟ್ಟವನು ನನ್ನ ನೋವು ಏನು ತಿಳಿದಾನು ಎಂದು ಒಳಗೊಳಗೇ ಜಗಳವಾಡುತ್ತಲೇ ಬಗ್ಗಿದೆ. ಮರದ ಪಾದಕ್ಕೆ ತುಟಿ ತಾಗಿದಾಗ, ಅದು ನನಗೆ ಬೇಡ, ಆ ಹುಡುಗಿಯ ರೋಗ ನನಗೆ ಬೇಡ ಎಂದಷ್ಟೇ ಹೇಳಿದೆ. ಅವಳ ತಾಯಿಯ ಬಗ್ಗೆ ಏನೂ ಹೇಳಲಿಲ್ಲ. ಕಣ್ಣೀರು ಬರಲಿಲ್ಲ, ಮನಸ್ಸು ಹಗುರಾಗಲಿಲ್ಲ. ಇದ್ದ ಒಂದು ಆಯುಧವನ್ನೂ ಕಳೆದುಕೊಂಡ ಹೊಟ್ಟೆಯುರಿ ಮಾತ್ರ ಇತ್ತು.

ಶನಿವಾರ ಬೆಳಗ್ಗೆ ಹಾಸನದ ಹೆಂಗಸು ಫೋನ್ ಮಾಡಿದರು. ಹುಡುಗಿಯೇ ಮಗನಿಗೆ ಎಲ್ಲ ಹೇಳಿದಳಂತೆ. ನಿಮಗೆ ಮೊದಲೇ ಗೊತ್ತಿತ್ತಲ್ಲವೇ, ಯಾಕೆ ಹೇಳಲಿಲ್ಲ ಎಂದು ಕೇಳಿದರು. ದನಿಯಲ್ಲಿ ಸಿಟ್ಟಿತ್ತು. ಈ ಸಂಬಂಧ ಬಿಡುವುದು ಎಂದು ಮನೆಯಲ್ಲಿ ಮಾತಾಗಿದೆ ಎಂದರು. ನಾನು ಹೌದು, ಬಿಟ್ಟುಬಿಡಿ ಎಂದರೆ ಸಾಕಿತ್ತು. ಹೌದು ಎನ್ನುವುದೂ ಬೇಡ, ಸುಮ್ಮನೆ ಒಂದು ನಿಟ್ಟುಸಿರು ಬಿಟ್ಟಿದ್ದರೂ ಮುಗಿಯುತ್ತಿತ್ತು.

ಅದರ ಬದಲು ನನ್ನ ಕತೆ ಹೇಳಿದೆ. ಯಾರಿಗೂ ಹೇಳಿಕೊಂಡಿರದ ಕತೆ. ಬಯಲು, ಬಿಸಿಲು, ಬೀಗದ ಕೈ, ವಿಚಾರಿಸಲು ಬಂದವರು. ಹೇಳಿದ್ದು ಯಾರು ಎಂಬುದನ್ನು ಮಾತ್ರ ಬಿಟ್ಟೆ.

"ಇಲ್ಲದ ಕಾಯಿಲೆಗೆ ನನ್ನ ಬಿಟ್ಟು ಹೋದ್ರು. ಈ ಹುಡುಗಿ ಇರೋದನ್ನ ಬಾಯಿಬಿಟ್ಟು ಹೇಳಿದಾಳೆ. ಬಿಡೋದಾದ್ರೆ ಡಾಕ್ಟರ್ ಹತ್ರ ಕೇಳಿ ಬಿಡಿ, ಜನರ ಹತ್ರ ಕೇಳಿ ಬಿಡ್ಬೇಡಿ," ಎಂದೆ.

ಅವರು ಫೋನ್ ಇಟ್ಟರು.

ಈಸ್ಟರ್ ಬೆಳಗ್ಗೆ ಹುಡುಗಿಯ ಫೋನ್ ಬಂತು. ನಮ್ಮ ಚರ್ಚಿಗೆ ಬನ್ನಿ ಆಂಟಿ ಎಂದಳು. ಅತ್ತಿದ್ದು ದನಿಯಲ್ಲೇ ತಿಳಿಯುತ್ತಿತ್ತು. ಹೋಗುವುದಿಲ್ಲ ಎಂದುಕೊಳ್ಳುತ್ತಲೇ ಸೀರೆ ಉಟ್ಟೆ. ಬಯಲು ಈಗ ಕಾಂಪೌಂಡ್ ಆಗಿತ್ತು. ನೆಲಕ್ಕೆ ಸಿಮೆಂಟಿನ ಕಲ್ಲು ಹಾಸಿದ್ದರು. ನಾನು ಬಿದ್ದ ಜಾಗ ಯಾವುದೆಂದು ಗುರುತಾಗಲಿಲ್ಲ. ಜನ ಹೊಸ ಬಟ್ಟೆಯಲ್ಲಿ ಒಬ್ಬರಿಗೊಬ್ಬರು ಹಬ್ಬದ ಶುಭಾಶಯ ಹೇಳುತ್ತಿದ್ದರು. ಮೆಟ್ಟಿಲ ಹತ್ತಿರ ಅಕ್ಕ ನನಗೆ ಅಡ್ಡ ನಿಂತಳು. ಕಣ್ಣು ಊದಿಕೊಂಡಿದ್ದವು.

"ಹೇಳ್ಬಿಟ್ಟೆಯಲ್ಲ," ಎಂದಳು. "ತೀರಿಸ್ಕೊಂಡೆಯಲ್ಲ. ಈಗ ಹೊಟ್ಟೆ ತುಂಬ್ತಾ?"

ಅಕ್ಕಪಕ್ಕದವರು ತಿರುಗಿ ನೋಡಿದರು. ನಾನು ಮಾಡದ ಸೇಡಿನ ರುಚಿ ಆ ಹೊತ್ತು ನನ್ನ ಬಾಯಿಗೆ ಬಂತು. ಮಾಡಿದೆ ಎಂದು ಅವಳು ನಂಬಿದ್ದಳು, ಉರಿಯುತ್ತಿದ್ದಳು. ಇಲ್ಲ ಎನ್ನಬೇಕೆಂದು ನನಗೆ ಒಂದಿಷ್ಟೂ ಅನ್ನಿಸಲಿಲ್ಲ. ಇನ್ನೊಂದು ನಿಮಿಷ ಹೀಗೇ ನಂಬಿರಲಿ ಎಂದು ನಿಂತಿದ್ದೆ. ಆಗ ಹುಡುಗಿ ಜನರ ನಡುವಿನಿಂದ ಬಂದು ತಾಯಿಯ ತೋಳು ಹಿಡಿದಳು.

"ಹೇಳಿದ್ದು ನಾನಮ್ಮ. ಆಂಟಿ ನಮ್ಮ ಪರವಾಗಿ ಮಾತಾಡಿದಾರೆ ಅಂತ ಅವರಮ್ಮನೇ ಈಗ ಫೋನ್ ಮಾಡಿ ಹೇಳಿದ್ರು. ಡಾಕ್ಟರನ್ನ ನೋಡೋಕೆ ಮುಂದಿನ ವಾರ ಬರ್ತಾರಂತೆ."

ಗಂಟೆ ಬಾರಿಸಿತು. ಎಲ್ಲರೂ ಒಳಗೆ ನಡೆದರು. ಅಕ್ಕ ನನ್ನ ಮುಂದಿನ ಬೆಂಚಿನಲ್ಲೇ ಕೂತಳು. ಬೇರೆ ಜಾಗವಿರಲಿಲ್ಲ. ಪೂಜೆಯ ನಡುವೆ ಒಬ್ಬರಿಗೊಬ್ಬರು ಶಾಂತಿ ಹೇಳುವ ಹೊತ್ತಿನಲ್ಲಿ ಹುಡುಗಿ ತಿರುಗಿ ನನಗೆ ಕೈ ಮುಗಿದಳು. ನಾನೂ ಮುಗಿದೆ. ಅಕ್ಕ ತಿರುಗಲಿಲ್ಲ. ನನ್ನ ಮುಂದಿದ್ದದ್ದು ಅವಳ ಬೆನ್ನು, ಬಿಳಿಯಾದ ಕೂದಲಿನ ಸಣ್ಣ ಗಂಟು. ಆ ಬೆನ್ನಿಗೇ ಕೈ ಮುಗಿದೆ. ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾಗುವುದೂ ನನಗೆ ಬೇಕಿರಲಿಲ್ಲ.

ಹಾಸನದವರು ಬಂದು ಡಾಕ್ಟರ ಜೊತೆ ಬಹಳ ಹೊತ್ತು ಮಾತಾಡಿ ಹೋದರು. ಹುಡುಗನ ಚಿಕ್ಕಪ್ಪಂದಿರು ಒಪ್ಪಲಿಲ್ಲವಂತೆ. ಹುಡುಗ ಒಪ್ಪಿದ, ಅವನ ತಾಯಿ ಒಪ್ಪಿದರು. ಮೇ ತಿಂಗಳ ಕೊನೆಯಲ್ಲಿ ಭದ್ರಾವತಿಯ ಚರ್ಚಿನಲ್ಲೇ ಮದುವೆಯಾಯಿತು. ಹುಡುಗಿ ಮನೆಗೆ ಬಂದು ಕರೆದಿದ್ದಳು, ಹೋದೆ. ಊಟದ ಪಂಕ್ತಿಯಲ್ಲಿ ಅಂದಿನ ಆ ಮೇಷ್ಟ್ರು ನನ್ನ ಎದುರಿಗೇ ಕೂತಿದ್ದರು. ಹೊಟ್ಟೆ ಬಂದಿತ್ತು, ಸಾರು ಅನ್ನ ಕಲಸಿಕೊಳ್ಳುತ್ತ ಚೆನ್ನಾಗಿದ್ದೀರಾ ಎಂದು ಕೇಳಿದರು. ಚೆನ್ನಾಗಿದ್ದೀನಿ ಎಂದೆ. ಅವರ ಬಗ್ಗೆ ನನಗೆ ಏನೂ ಅನ್ನಿಸಲಿಲ್ಲ. ಇವರಿಗಾಗಿ ಇಷ್ಟೆಲ್ಲವೇ ಎಂದು ನಗು ಬಂತು.

ಅಕ್ಕ ಪಂಕ್ತಿಯ ಆ ತುದಿಯಿಂದ ಬಡಿಸಿಕೊಂಡು ಬರುತ್ತಿದ್ದಳು. ನನ್ನ ಎಲೆಯ ಮುಂದೆ ನಿಂತು, ಬೇಕಾ ಎಂದು ಕೇಳಿದಳು. ಸಾಕು ಎಂದೆ. ಅವಳು ಮುಂದಿನ ಎಲೆಗೆ ಹೋದಳು. ಅದಕ್ಕಿಂತ ಹೆಚ್ಚು ಮಾತು ನಮ್ಮಿಬ್ಬರ ನಡುವೆ ಇವತ್ತಿಗೂ ಆಗಿಲ್ಲ. ಈಗಲೂ ಕೆಲವು ದಿನ ಜಪಸರ ಹಿಡಿದು ಕೂತಾಗ ಸಿಟ್ಟು ಬಂದು ಪಕ್ಕದಲ್ಲಿ ಕೂರುತ್ತದೆ. ಹುಡುಗಿಯ ಹೆಸರು ಹೇಳಿ ಪ್ರಾರ್ಥಿಸುತ್ತೇನೆ, ಅದು ಸಲೀಸಾಗಿ ಬರುತ್ತದೆ. ಅವಳ ತಾಯಿಯ ಹೆಸರು ಇನ್ನೂ ಬಾಯಿಗೆ ಬಂದಿಲ್ಲ. ಏನು ಮಾಡಲಿ ಎಂದು ಫಾದರನ್ನು ಕೇಳಿದೆ. ಸದ್ಯಕ್ಕೆ ಮಗಳ ಹೆಸರಿನಿಂದಲೇ ಪ್ರಾರ್ಥನೆ ನಡೆಸುತ್ತಿರು ಎಂದರು.